ದವಡೆಯ ಸಿಸ್ಟ್‌ಗಳ ಶಸ್ತ್ರಚಿಕಿತ್ಸೆ

ದವಡೆಯ ಮೂಳೆಯೊಳಗೆ ಬೆಳೆಯುವ, ದ್ರವ ಅಥವಾ ಅರೆದ್ರವ ತುಂಬಿದ ಚೀಲವೇ ದವಡೆಯ ಸಿಸ್ಟ್. ದೇಹದ ಬೇರಾವ ಮೂಳೆಗಿಂತಲೂ ದವಡೆಯಲ್ಲಿ ಸಿಸ್ಟ್‌ಗಳು ಹೆಚ್ಚು. ಹಲ್ಲು ರೂಪುಗೊಂಡ ಮೇಲೂ ಮೂಳೆಯಲ್ಲಿ ಉಳಿದುಕೊಳ್ಳುವ ಎಪಿಥೀಲಿಯಮ್ ಕೋಶಗಳು ಇದಕ್ಕೆ ಮುಖ್ಯ ಕಾರಣ.

ಹುಳುಕಿನಿಂದ ತಿರುಳು ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಹುಟ್ಟುವ ರ‍್ಯಾಡಿಕ್ಯುಲರ್ ಸಿಸ್ಟ್ ಎಲ್ಲಕ್ಕಿಂತ ಸಾಮಾನ್ಯ. ಹೊರಬರದೆ ಮೂಳೆಯಲ್ಲೇ ಉಳಿದ ಹಲ್ಲಿನ ತಲೆಯನ್ನು ಸುತ್ತಿಕೊಳ್ಳುವುದು ಡೆಂಟಿಜೆರಸ್ ಸಿಸ್ಟ್. ಕೆಳದವಡೆಯ ಬುದ್ಧಿಹಲ್ಲಿನ ಸುತ್ತ ಇದು ಹೆಚ್ಚು. ಮರುಕಳಿಸುವ ಸ್ವಭಾವದಿಂದ ವೈದ್ಯರಿಗೆ ಸವಾಲಾಗಿರುವುದು ಕೆರಟೋಸಿಸ್ಟ್. ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಗೆಡ್ಡೆಗಳ ಪಟ್ಟಿಗೆ ಸೇರಿಸಿ, 2017ರಲ್ಲಿ ಮತ್ತೆ ಸಿಸ್ಟ್ ಎಂದೇ ವರ್ಗೀಕರಿಸಿತು.

ಸಿಸ್ಟ್ ಸಾಮಾನ್ಯವಾಗಿ ನೋವಿಲ್ಲದೆ ನಿಧಾನವಾಗಿ ಬೆಳೆಯುತ್ತದೆ. ಬೇರಾವುದೋ ಕಾರಣಕ್ಕೆ ತೆಗೆಸಿದ ಎಕ್ಸ್‌ರೇಯಲ್ಲಿ ಅದು ಕಣ್ಣಿಗೆ ಬೀಳುವುದೇ ಹೆಚ್ಚು. ಸೋಂಕು ತಗುಲಿದಾಗ ನೋವು, ಕೀವು ಕಾಣಿಸಿಕೊಳ್ಳುತ್ತವೆ. ದೊಡ್ಡದಾದಾಗ ಮುಖ ಊದಿ ಹಲ್ಲು ಅಲುಗಾಡಬಹುದು. ತೆಳುವಾದ ಮೂಳೆಯನ್ನು ಬೆರಳಿನಿಂದ ಒತ್ತಿದರೆ ಮೊಟ್ಟೆಯ ಚಿಪ್ಪು ಬಿರಿದಂತೆ ಸದ್ದಾಗುತ್ತದೆ. ಸಿಸ್ಟ್ ಎಷ್ಟು ಹರಡಿದೆ, ಕೆಳದವಡೆಯ ನರಕ್ಕೆ ಅಥವಾ ಮೇಲ್ದವಡೆಯ ಸೈನಸ್‌ಗೆ ಎಷ್ಟು ಹತ್ತಿರವಿದೆ ಎಂಬುದನ್ನು ಒಪಿಜಿ (ಇಡೀ ದವಡೆಯ ಎಕ್ಸ್‌ರೇ) ಮತ್ತು ಸಿಟಿ ಚಿತ್ರಗಳು ತೋರಿಸುತ್ತವೆ. ಸೂಜಿಯಿಂದ ಎಳೆದ ದ್ರವವೂ ಸುಳಿವು ಕೊಡುತ್ತದೆ: ತಿಳಿಹಳದಿ ದ್ರವದಲ್ಲಿ ಕೊಲೆಸ್ಟರಾಲ್ ಹರಳುಗಳು ಮಿನುಗಿದರೆ ರ‍್ಯಾಡಿಕ್ಯುಲರ್ ಸಿಸ್ಟ್‌ನ ಅನುಮಾನ, ಗಟ್ಟಿ ಕೆನೆಯಂಥ ವಸ್ತು ಬಂದರೆ ಕೆರಟೋಸಿಸ್ಟ್‌ನ ಅನುಮಾನ. ಬರೀ ರಕ್ತ ಬಂದರೆ ಅದು ರಕ್ತನಾಳದ ತೊಂದರೆ ಇರಬಹುದಾದ್ದರಿಂದ ಶಸ್ತ್ರಚಿಕಿತ್ಸೆಗೆ ಕೈಹಾಕದೆ ಮೊದಲು ಬೇರೆ ತಪಾಸಣೆ ಮಾಡುತ್ತಾರೆ.

ಬೇರಿನ ತುದಿಯ ಕೆಲವು ಸಣ್ಣ ಸಿಸ್ಟ್‌ಗಳು ರೂಟ್ ಕೆನಾಲ್ ಚಿಕಿತ್ಸೆಯಿಂದಲೇ ವಾಸಿಯಾಗುತ್ತವೆ. ಉಳಿದವುಗಳಿಗೆ ಮುಖ್ಯವಾಗಿ ಎರಡು ಶಸ್ತ್ರಕ್ರಮಗಳಿವೆ. ಇವೆರಡರೊಂದಿಗೂ ಜರ್ಮನ್ ಶಸ್ತ್ರವೈದ್ಯ ಕಾರ್ಲ್ ಪಾರ್ಟ್ಶ್ ಅವರ ಹೆಸರು ಸೇರಿಕೊಂಡಿದೆ.

ಮೊದಲನೆಯದು ಮಾರ್ಸುಪಿಯಲೈಸೇಷನ್. 1892ರಲ್ಲಿ ಪಾರ್ಟ್ಶ್ ವಿವರಿಸಿದ ಈ ಕ್ರಮದಲ್ಲಿ ಸಿಸ್ಟ್‌ನ ಗೋಡೆಯಲ್ಲಿ ಕಿಟಕಿ ಕೊರೆದು, ಅದರ ಅಂಚನ್ನು ಬಾಯಿಯ ಒಳಪೊರೆಗೆ ಹೊಲಿಯುತ್ತಾರೆ. ಒಳಗಿನ ಒತ್ತಡ ಇಳಿದಂತೆ ಸುತ್ತ ಹೊಸ ಮೂಳೆ ಬೆಳೆದು ಕುಳಿ ಕಿರಿದಾಗುತ್ತದೆ. ನರ, ಸೈನಸ್‌ಗಳಿಗೆ ಅಪಾಯ ಕಡಿಮೆ. ಮಕ್ಕಳಲ್ಲಿ ಸಿಕ್ಕಿಕೊಂಡ ಹಲ್ಲು ತಾನಾಗಿ ಮೇಲೆ ಬರುವ ಅವಕಾಶವೂ ಉಂಟು. ಆದರೆ ತಿಂಗಳುಗಟ್ಟಲೆ ಕುಳಿಯನ್ನು ತೊಳೆದುಕೊಳ್ಳುತ್ತಿರಬೇಕು. ರೋಗಗ್ರಸ್ತ ಪೊರೆ ಒಳಗೇ ಉಳಿಯುವುದು ಇದರ ದೊಡ್ಡ ಕೊರತೆ.

ಎರಡನೆಯದು ಎನ್ಯೂಕ್ಲಿಯೇಷನ್, ಅಂದರೆ ಸಿಸ್ಟ್ ಅನ್ನು ಇಡಿಯಾಗಿ ಬಿಡಿಸಿ ತೆಗೆಯುವುದು. ವಸಡಿನ ಪದರವನ್ನು ಎತ್ತಿ, ಮೂಳೆಯಲ್ಲಿ ದಾರಿ ಮಾಡಿ, ಪೊರೆ ಹರಿಯದಂತೆ ಕ್ಯುರೆಟ್ ಎಂಬ ಚಮಚದಾಕಾರದ ಉಪಕರಣದಿಂದ ಬಿಡಿಸಿ ಹೊಲಿಗೆ ಹಾಕುತ್ತಾರೆ. ಸಣ್ಣ ಸಿಸ್ಟ್‌ಗೆ ಸ್ಥಳೀಯ ಅರಿವಳಿಕೆ ಸಾಕು. ತುಂಬ ದೊಡ್ಡದಾಗಿದ್ದರೆ ಮೊದಲು ಕಿಟಕಿ ತೆರೆದು ಕುಗ್ಗಿಸಿ, ಆಮೇಲೆ ಪೂರ್ತಿ ತೆಗೆಯುವುದೂ ರೂಢಿಯಲ್ಲಿದೆ.

ಕೆರಟೋಸಿಸ್ಟ್‌ನ ಪೊರೆ ತೆಳುವಾಗಿದ್ದು ಸುಲಭವಾಗಿ ಹರಿಯುತ್ತದೆ. ಸುತ್ತಲೂ ಮರಿಸಿಸ್ಟ್‌ಗಳು ಅಡಗಿರಬಹುದು. ಹೀಗಾಗಿ ಅದನ್ನು ತೆಗೆದ ಮೇಲೆ ಕುಳಿಯ ಮೂಳೆಯನ್ನು ಬರ್ ಎಂಬ ತಿರುಗುವ ಉಪಕರಣದಿಂದ ಉಜ್ಜಿ, ಕೆಲವೊಮ್ಮೆ ಉಳಿದ ಕೋಶಗಳನ್ನು ಕೊಲ್ಲುವ ಕಾರ್ನಾಯ್ ದ್ರಾವಣವನ್ನೂ ಲೇಪಿಸುತ್ತಾರೆ. ಅಪರೂಪಕ್ಕೆ ದವಡೆಯ ಭಾಗವನ್ನೇ ಕತ್ತರಿಸಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಕೆಳತುಟಿ ಜೋಮು ಹಿಡಿಯುವುದು, ಸೋಂಕು, ದುರ್ಬಲಗೊಂಡ ದವಡೆ ಮುರಿಯುವುದು ಸಂಭವನೀಯ ತೊಡಕುಗಳು. ಕುಳಿಯಲ್ಲಿ ಮೂಳೆ ತುಂಬಿಕೊಳ್ಳಲು ತಿಂಗಳುಗಳಿಂದ ವರ್ಷಗಳವರೆಗೆ ಬೇಕಾಗುತ್ತದೆ. ಅಮೆಲೋಬ್ಲಾಸ್ಟೋಮದಂಥ ಗೆಡ್ಡೆಯೂ ಎಕ್ಸ್‌ರೇಯಲ್ಲಿ ಸಿಸ್ಟ್‌ನಂತೆಯೇ ಕಾಣಬಹುದಾದ್ದರಿಂದ, ತೆಗೆದ ಪೊರೆಯನ್ನು ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳಿಸುವುದು ಕಡ್ಡಾಯ. ಕೆರಟೋಸಿಸ್ಟ್ ಹತ್ತು ವರ್ಷಗಳ ನಂತರವೂ ಮರುಕಳಿಸಬಲ್ಲದು. ಹಾಗಾಗಿ ಗಾಯ ಮಾಗಿದ ಮೇಲೂ ನಿಗದಿತ ಎಕ್ಸ್‌ರೇ ತಪಾಸಣೆಗಳನ್ನು ತಪ್ಪಿಸಬಾರದು.