ಹೆಸರು ಕಳೆದುಕೊಂಡ ಕಡತಗಳು

ರಾಷ್ಟ್ರಕೂಟರ ಮಾನ್ಯಖೇಟವೇ ಇಂದಿನ ಮಳಖೇಡ. ಅದರ ನೆರೆಯ ಆದಿತ್ಯನಗರದಲ್ಲಿ ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವ ನನಗೆ ಸುತ್ತಲಿನ ಶಾಸನಗಳ ಟಿಪ್ಪಣಿ ಮಾಡುವ ಹವ್ಯಾಸ. ಚಿತ್ತಾಪುರದ ಬಳಿಯ ನಾಗಾವಿ ಹಾಗೂ ಭೀಮಾತೀರದ ಸನ್ನತಿಯ ಟಿಪ್ಪಣಿಗಳಿಗೆ ಆಯಾ ಊರಿನ ಹೆಸರನ್ನೇ ಕನ್ನಡದಲ್ಲಿಟ್ಟು, ಹಳೆಯದೊಂದು ತಂತ್ರಾಂಶದಿಂದ ಜಿಪ್ ಮಾಡಿ ಇರಿಸಿದ್ದೆ. ಗಣಕಯಂತ್ರ ಕೆಟ್ಟಮೇಲೆ ಬಿಚ್ಚಿ ನೋಡಿದರೆ ಒಂದೇ ಕಡತ! ಹೆಸರಿನ ಜಾಗದಲ್ಲಿ ಆರು ಅಡಿಗೆರೆಗಳು.

ಕಾರಣ ಇತಿಹಾಸದಲ್ಲಿದೆ. 1963ರ ಆಸ್ಕಿ ಸಂಕೇತದಲ್ಲಿದ್ದುದು 128 ಸ್ಥಾನ ಮಾತ್ರ. ಅಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. ‘ನುಡಿ’, ‘ಬರಹ’ಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. ಪುಟದೊಳಗೆ ಕನ್ನಡ ಕಂಡರೂ ಕಡತಕ್ಕೆ ಇಂಗ್ಲಿಷಿನಲ್ಲೇ ಹೆಸರಿಡಬೇಕಿತ್ತು. 1991ರ ಯೂನಿಕೋಡ್ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟಿತು; 2001ರ ವಿಂಡೋಸ್ ಎಕ್ಸ್‌ಪಿ ಅದನ್ನು ಮನೆಮನೆಗೆ ತಂದಿತು. ಜಿಪ್ ಪದ್ಧತಿಯಲ್ಲಿ ಯೂನಿಕೋಡ್ ಹೆಸರಿಗೆ ಅವಕಾಶವಾದದ್ದು 2006ರಲ್ಲಿ. ನನ್ನ ತಂತ್ರಾಂಶ ಅದಕ್ಕೂ ಹಿಂದಿನದು. ‘ನಾಗಾವಿ’, ‘ಸನ್ನತಿ’ ಎರಡಕ್ಕೂ ತಲಾ ಆರು ಸಂಕೇತಗಳು. ಎರಡೂ ಒಂದೇ ಹೆಸರಾಗಿ, ಬಿಚ್ಚುವಾಗ ಒಂದರ ಮೇಲೊಂದು ಕುಳಿತವು.

ತಂತ್ರಾಂಶ ಪರೀಕ್ಷಕನಾಗಿರುವ ಹಳೆಯ ಶಿಷ್ಯನಿಗೆ ಕಳುಹಿಸಿದೆ. “ಸರ್, ಕಡತಗಳು ಹೋಗಿಲ್ಲ, ಹೆಸರಷ್ಟೇ ಹೋಗಿದೆ” ಎಂದು ಒಂದೊಂದನ್ನೇ ಬೇರೆ ಹೆಸರಿನಲ್ಲಿ ಹೊರತೆಗೆದುಕೊಟ್ಟ. ಅವನ ಪರೀಕ್ಷೆಗಳಲ್ಲಿ ‘ಮಾನ್ಯಖೇಟ’ ಎಂಬ ಹೆಸರಿನ ಕಡತವೂ ಒಂದಂತೆ. ಯೂನಿಕೋಡಿನಲ್ಲಿ ‘ಖೇ’ಯ ದೀರ್ಘ ಏತ್ವವನ್ನು ಒಂದೇ ಸಂಕೇತವಾಗಿಯೂ, ಏತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಮ್ಯಾಕಿನ ಹಳೆಯ ಕಡತವ್ಯವಸ್ಥೆ ಅದನ್ನು ಎರಡಾಗಿ ಒಡೆದು ಇಡುತ್ತಿತ್ತು. ಕಣ್ಣಿಗೆ ಒಂದೇ ಹೆಸರು. ಯಂತ್ರದ ಲೆಕ್ಕದಲ್ಲಿ ಮೊದಲನೆಯದು 24 ಬೈಟ್, ಎರಡನೆಯದು 27. ಲಿನಕ್ಸಿನಲ್ಲಿ ಹೆಸರಿಗೆ ಸಾಮಾನ್ಯವಾಗಿ 255 ಬೈಟ್‌ಗಳ ಮಿತಿ. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕಾದ್ದರಿಂದ 85 ಸಂಕೇತಗಳಿಗೇ ಅದು ತುಂಬುತ್ತದೆ. ವಿಂಡೋಸಿನಲ್ಲಿ ಸಲೀಸಾಗಿ ಇಟ್ಟ ಉದ್ದನೆಯ ಹೆಸರನ್ನು ಲಿನಕ್ಸ್ ಒಪ್ಪದಿರಬಹುದು.

ಸನ್ನತಿಯ ಅಶೋಕನ ಶಾಸನದ ಕಲ್ಲನ್ನು ಯಾರೋ ದೇವಿಯ ವಿಗ್ರಹಕ್ಕೆ ಪೀಠ ಮಾಡಿದ್ದರು; ಕೊರೆದ ಜಾಗದ ಅಕ್ಷರಗಳು ನಾಶವಾದವು. ಅವರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ, ಅಷ್ಟೆ. ನನ್ನ ತಂತ್ರಾಂಶದ್ದೂ ಅದೇ ಕಥೆ. ಮಿತ್ರರೇ, ಕಡತಗಳಿಗೆ ಕನ್ನಡದಲ್ಲೇ ಹೆಸರಿಡಿ. ಆದರೆ ಮೂಲವನ್ನು ಅಳಿಸುವ ಮುನ್ನ ಪ್ರತಿಯನ್ನೊಮ್ಮೆ ಬೇರೆ ಯಂತ್ರದಲ್ಲಿ ತೆರೆದು ನೋಡಿ.