ಫೋರ್ಡ್ 9 ಇಂಚಿನ ಹಿಂಬದಿ ಆಕ್ಸಲ್
ಅಮೆರಿಕದ ಫೋರ್ಡ್ ಕಂಪನಿ 1957ರ ಮಾದರಿಗಳಿಂದ ಮೊದಲ್ಗೊಂಡು 1986ರವರೆಗೆ ಕಾರು, ಪಿಕಪ್‌ಗಳಿಗೆ ಅಳವಡಿಸಿದ ಆಕ್ಸಲ್. ಡ್ರ್ಯಾಗ್ ರೇಸ್ ಕಾರುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಇದರೊಳಗಿನ ದೊಡ್ಡ ಗಿಯರ್ ಆದ ರಿಂಗ್ ಗಿಯರ್‌ನ ವ್ಯಾಸ 9 ಇಂಚು. ನಿಂತ ಕಾರು ಒಮ್ಮೆಲೇ ಮುನ್ನುಗ್ಗುವಾಗ ಟೈರುಗಳ ಹಿಡಿತ ಬಿಗಿಯಾಗಿದ್ದಷ್ಟೂ ಎಂಜಿನ್ನಿನ ತಿರುಚುಬಲದ ಹೊಡೆತ ಗಿಯರ್ ಹಲ್ಲುಗಳ, ಶಾಫ್ಟ್‌ಗಳ ಮೇಲೆ ಹೆಚ್ಚು ಬೀಳುತ್ತದೆ. ಈ ಆಕ್ಸಲ್‌ನಲ್ಲಿ ರಿಂಗ್ ಗಿಯರನ್ನು ತಿರುಗಿಸುವ ಸಣ್ಣ ಗಿಯರ್ ಆದ ಪಿನಿಯನ್‌ನ ಒಳತುದಿಗೂ ಬೇರಿಂಗ್‌ನ ಆಧಾರವಿರುವುದರಿಂದ ಅದು ಸುಲಭವಾಗಿ ಬಾಗದು. ಗಿಯರ್ ಜೋಡಣೆಯನ್ನು ಇಡಿಯಾಗಿ ಮುಂಬದಿಯಿಂದ ಹೊರತೆಗೆಯಬಹುದಾದ್ದರಿಂದ ಗಿಯರ್ ಅನುಪಾತ ಬದಲಿಸುವುದು ಸುಲಭ. ಮೂಲ ಶಾಫ್ಟ್‌ಗಳಲ್ಲಿ 28 ಅಥವಾ 31 ಸ್ಪ್ಲೈನ್‌ಗಳಿದ್ದವು (ಶಾಫ್ಟ್ ತುದಿಯ ಹಲ್ಲುಗಳು). ಹೆಚ್ಚು ಶಕ್ತಿಯ ಕಾರುಗಳಿಗೆ 35 ಅಥವಾ 40 ಸ್ಪ್ಲೈನ್‌ಗಳ ದಪ್ಪ ಶಾಫ್ಟ್ ಆಯ್ದುಕೊಳ್ಳುತ್ತಾರೆ. ಆದರೆ ಪಿನಿಯನ್ ರಿಂಗ್ ಗಿಯರ್‌ನ ನಡುವಿಗಿಂತ ತೀರ ಕೆಳಗಿರುವುದರಿಂದ ಘರ್ಷಣೆಯಲ್ಲಿ ತುಸು ಹೆಚ್ಚು ಶಕ್ತಿ ನಷ್ಟವಾಗುತ್ತದೆ. 9.75 ಇಂಚಿನ ರಿಂಗ್ ಗಿಯರ್ ಉಳ್ಳ ಡಾನಾ 60 ಇದಕ್ಕೆ ಪರ್ಯಾಯವಾದ ಮತ್ತೊಂದು ಗಟ್ಟಿ ಆಕ್ಸಲ್.