ಏಳುನೂರ ಹದಿನೈದನೆಯ ಹೊಡೆತ

1973ರಲ್ಲಿ ಅಮೆರಿಕದ ಒಬ್ಬ ಆಟಗಾರರಿಗೆ ಸುಮಾರು 9,30,000 ಪತ್ರಗಳು ಬಂದವು. ರಾಜಕಾರಣಿಗಳನ್ನು ಬಿಟ್ಟರೆ ಆ ದೇಶದಲ್ಲಿ ಆ ವರ್ಷ ಇನ್ನಾರಿಗೂ ಅಷ್ಟು ಟಪಾಲು ಬಂದಿರಲಿಲ್ಲವೆಂದು ಅಂಚೆ ಇಲಾಖೆಯೇ ಲೆಕ್ಕ ಹಾಕಿ ಅವರಿಗೊಂದು ಫಲಕ ಕೊಟ್ಟಿತು. ಪತ್ರಗಳಲ್ಲಿ ಅಭಿಮಾನಿಗಳ ಶುಭಾಶಯಗಳು ಬಹಳ ಇದ್ದವು, ನಿಜ. ಆದರೆ ಸಾವಿರಾರು ಪತ್ರಗಳಲ್ಲಿ ಇದ್ದದ್ದು ಕೊಲೆ ಬೆದರಿಕೆ, ಬೈಗುಳ ಮತ್ತು ಬಣ್ಣದ ನಿಂದನೆ. ಆ ಆಟಗಾರ ಮಾಡಿದ ಅಪರಾಧವಾದರೂ ಏನು? ಬಿಳಿಯರೊಬ್ಬರು ಸ್ಥಾಪಿಸಿದ್ದ ದಾಖಲೆಯೊಂದರ ಹತ್ತಿರಕ್ಕೆ ಬಂದಿದ್ದರು, ಅಷ್ಟೆ. ಅವರ ಹೆಸರು ಹ್ಯಾಂಕ್ ಆರನ್. ನಮ್ಮಲ್ಲಿ ಹಾರೂನ್ ಎನ್ನುವ ಹೆಸರೇ ಅವರಲ್ಲಿ ಆರನ್.

ಬೇಸ್‌ಬಾಲ್ ನಮ್ಮ ಓದುಗರಿಗೆ ಅಷ್ಟಾಗಿ ಪರಿಚಿತ ಆಟವಲ್ಲ. ಚೆಂಡನ್ನು ಮೈದಾನದ ಬೇಲಿಯಾಚೆ ಬಾರಿಸಿದರೆ ಅದು ಹೋಮ್ ರನ್, ಕ್ರಿಕೆಟ್ಟಿನ ಸಿಕ್ಸರ್ ಇದ್ದಂತೆ ಎಂದು ತಿಳಿದರೆ ಸದ್ಯಕ್ಕೆ ಸಾಕು. ಆದರೆ ಸಿಕ್ಸರಿಗಿಂತ ಅದು ಬಹಳ ಅಪರೂಪ. ಒಂದು ಇಡೀ ಋತುವಿನಲ್ಲಿ ನಲವತ್ತು ಹೊಡೆದವರು ದೊಡ್ಡ ಆಟಗಾರರು. ಬೇಬ್ ರೂತ್ 1935ರಲ್ಲಿ ಆಟ ಬಿಡುವಾಗ ಅವರ ಹೆಸರಿನಲ್ಲಿ 714 ಹೋಮ್ ರನ್‌ಗಳಿದ್ದವು. ಅಮೆರಿಕನ್ನರಿಗೆ ಆ ಸಂಖ್ಯೆ ಬರಿಯ ಸಂಖ್ಯೆಯಾಗಿರಲಿಲ್ಲ. ಶಾಲಾ ಮಕ್ಕಳಿಗೂ ಅದು ಬಾಯಿಪಾಠ. ರೂತ್ 1948ರಲ್ಲಿ ತೀರಿಕೊಂಡ ಮೇಲಂತೂ ಅದನ್ನು ಮುಟ್ಟುವವರಿಲ್ಲವೆಂದೇ ಜನ ನಂಬಿದ್ದರು.

ರೂತ್ ಅವರ ಕಾಲದ ಬೇಸ್‌ಬಾಲಿನ ಬಗ್ಗೆ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ 1947ರವರೆಗೆ ಅಮೆರಿಕದ ಮೇಜರ್ ಲೀಗ್‌ಗಳಲ್ಲಿ ಕರಿಯರಿಗೆ ಪ್ರವೇಶವಿರಲಿಲ್ಲ. ಹಾಗೆಂದು ಲಿಖಿತ ನಿಯಮವೇನೂ ಇರಲಿಲ್ಲ. ತಂಡಗಳ ಮಾಲಕರು ತಮ್ಮೊಳಗೆ ಮಾಡಿಕೊಂಡ ಮೌನದ ಒಪ್ಪಂದ ಅದು. ಬರೆದಿಟ್ಟ ಕಾನೂನನ್ನಾದರೂ ಕೋರ್ಟಿನಲ್ಲಿ ಪ್ರಶ್ನಿಸಬಹುದು, ಇದನ್ನು ಎಲ್ಲಿ ಪ್ರಶ್ನಿಸುವುದು? 1920ರಲ್ಲಿ ರೂಬ್ ಫಾಸ್ಟರ್ ಎಂಬವರು ಕರಿಯ ಆಟಗಾರರಿಗಾಗಿ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದರು. ಅದರ ಬೆನ್ನಿಗೆ ಇತರ ಲೀಗ್‌ಗಳೂ ಬಂದವು. ಕೊನೆಗೆ 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಕಣಕ್ಕಿಳಿದಾಗ ಆ ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟಿತು.

ಆರನ್ ಹುಟ್ಟಿದ್ದು 1934ರಲ್ಲಿ, ಅಲಬಾಮಾ ರಾಜ್ಯದ ಮೊಬೀಲ್ ಎಂಬಲ್ಲಿ. ಬಡ ಕುಟುಂಬ. ಬ್ಯಾಟು ಚೆಂಡು ಕೊಳ್ಳಲು ಗತಿಯಿಲ್ಲದೆ ಕೋಲಿನಿಂದ ಬಾಟಲಿಯ ಮುಚ್ಚಳಗಳನ್ನು ಹೊಡೆದು ಆಟ ಕಲಿತವರು. 1952ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಇಂಡಿಯಾನಾಪೊಲಿಸ್ ಕ್ಲೌನ್ಸ್ ಎಂಬ ಕರಿಯರ ತಂಡ ಸೇರಿದರು. ಆ ತಂಡದೊಂದಿಗೆ ವಾಷಿಂಗ್ಟನ್ನಿಗೆ ಹೋಗಿದ್ದಾಗ ನಡೆದ ಒಂದು ಸಂಗತಿಯನ್ನು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಮೈದಾನದ ಹಿಂದಿನ ಹೋಟೆಲೊಂದರಲ್ಲಿ ಆಟಗಾರರೆಲ್ಲ ತಿಂಡಿ ತಿಂದರು. ತಿಂದು ಮುಗಿಸಿದ ಮೇಲೆ ಒಳಗಿನಿಂದ ತಟ್ಟೆಗಳನ್ನು ಒಡೆಯುವ ಸದ್ದು ಕೇಳಿಸಿತು. ಕರಿಯರು ತಿಂದ ತಟ್ಟೆಯಲ್ಲಿ ಬಿಳಿಯರಿಗೆ ಬಡಿಸುವುದು ಹೇಗೆ? ಬೇರೆ ಲೋಟ, ಬೇರೆ ತಟ್ಟೆಗಳ ಪದ್ಧತಿಯನ್ನು ಕಂಡು ಬೆಳೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಯಿ ತಿಂದಿದ್ದರೆ ತಟ್ಟೆಯನ್ನು ತೊಳೆದು ಇಡುತ್ತಿದ್ದರು ಎಂಬುದು ಆರನ್ ಅವರಿಗೆ ಹೊಳೆಯದೆ ಹೋಗಲಿಲ್ಲ.

ಮರುವರ್ಷ ಜಾಕ್ಸನ್‌ವಿಲ್ ತಂಡದಲ್ಲಿ ಆಡುತ್ತಾ, ದಕ್ಷಿಣದ ರಾಜ್ಯಗಳ ಲೀಗ್‌ನಲ್ಲಿ ವರ್ಣಭೇದ ಮುರಿದ ಮೊದಲಿಗರಲ್ಲಿ ಒಬ್ಬರಾದರು. ಆ ಋತುವಿನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು. ಆದರೆ ಜೊತೆಯ ಬಿಳಿಯ ಆಟಗಾರರು ಇಳಿದುಕೊಳ್ಳುವ ಹೋಟೆಲಿನಲ್ಲಿ ಅವರಿಗೆ ಕೋಣೆ ಸಿಗುತ್ತಿರಲಿಲ್ಲ. 1954ರಲ್ಲಿ ಮಿಲ್ವಾಕೀ ಬ್ರೇವ್ಸ್ ತಂಡದ ಮೂಲಕ ಮೇಜರ್ ಲೀಗ್ ಪ್ರವೇಶಿಸಿದರು. 1957ರಲ್ಲಿ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. 1966ರಲ್ಲಿ ಆ ತಂಡವೇ ಅಟ್ಲಾಂಟಾಗೆ, ಅಂದರೆ ಮತ್ತೆ ದಕ್ಷಿಣಕ್ಕೆ, ಸ್ಥಳಾಂತರವಾಯಿತು.

ಆರನ್ ಸದ್ದು ಮಾಡುವ ಆಟಗಾರರಲ್ಲ. ವರ್ಷಕ್ಕೆ ಮೂವತ್ತು, ನಲವತ್ತು ಎಂದು ಕೂಡಿಸುತ್ತಲೇ ಹೋದರು. ಒಂದು ಋತುವಿನಲ್ಲೂ ಐವತ್ತು ಮುಟ್ಟಲಿಲ್ಲ. 39ರ ವಯಸ್ಸಿನಲ್ಲಿ ಮತ್ತೆ 40 ಹೊಡೆದು, 1973ರ ಋತು ಮುಗಿದಾಗ 713ಕ್ಕೆ ಬಂದು ನಿಂತಿದ್ದರು. ಒಂದು ಕಡಿಮೆ! ಇಡೀ ಚಳಿಗಾಲ ಆ ಒಂದು ಹೊಡೆತಕ್ಕಾಗಿ ಕಾಯಬೇಕು. ಬೆದರಿಕೆಗಳು ಹೆಚ್ಚಿದ್ದರಿಂದ ಅಂಗರಕ್ಷಕ ಪೊಲೀಸರನ್ನು ನೇಮಿಸಲಾಯಿತು. ನ್ಯಾಶ್‌ವಿಲ್‌ನಲ್ಲಿ ಓದುತ್ತಿದ್ದ ಮಗಳನ್ನು ಅಪಹರಿಸುವುದಾಗಿ ಬೆದರಿಕೆ ಬಂದು ಎಫ್‌ಬಿಐ ತನಿಖೆಗೆ ಇಳಿಯಿತು. ಅಟ್ಲಾಂಟಾದ ಪತ್ರಿಕೆಯೊಂದು, ಆರನ್ ಕೊಲೆಯಾದರೆ ಇರಲಿ ಎಂದು, ನಿಧನ ವಾರ್ತೆಯನ್ನು ಮೊದಲೇ ಬರೆದಿಟ್ಟುಕೊಂಡಿತ್ತು ಎನ್ನುತ್ತಾರೆ.

1974ರ ಏಪ್ರಿಲ್ 4ರಂದು ಸಿನ್ಸಿನಾಟಿಯಲ್ಲಿ ಋತುವಿನ ಮೊದಲ ಪಂದ್ಯ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಅಂದಿಗೆ ಸರಿಯಾಗಿ ಆರು ವರ್ಷ. ಪಂದ್ಯಕ್ಕೆ ಮುನ್ನ ಒಂದು ಕ್ಷಣ ಮೌನ ಆಚರಿಸೋಣವೆಂದು ಆರನ್ ಕೇಳಿಕೊಂಡರು. ಆತಿಥೇಯ ತಂಡ ಒಪ್ಪಲಿಲ್ಲ. ಅಂದು ಮೊದಲ ಸರದಿಯಲ್ಲೇ ಅವರು 714ನೆಯ ಹೋಮ್ ರನ್ ಬಾರಿಸಿ ರೂತ್ ಅವರನ್ನು ಸರಿಗಟ್ಟಿದರು.

ಏಪ್ರಿಲ್ 8ರ ರಾತ್ರಿ ಅಟ್ಲಾಂಟಾದಲ್ಲಿ 53,775 ಮಂದಿ ಸೇರಿದ್ದರು. ಎದುರಾಳಿ ಲಾಸ್ ಏಂಜಲೀಸ್ ಡಾಡ್ಜರ್ಸ್. ಚೆಂಡೆಸೆಯುತ್ತಿದ್ದ ಆಲ್ ಡೌನಿಂಗ್ ಕೂಡ ಕರಿಯರೇ. ಇಬ್ಬರ ಅಂಗಿಯ ಮೇಲೂ 44 ಎಂಬ ಒಂದೇ ಸಂಖ್ಯೆ. ನಾಲ್ಕನೆಯ ಇನ್ನಿಂಗ್ಸಿನಲ್ಲಿ, ಆ ರಾತ್ರಿ ಮೊದಲ ಬಾರಿ ಬ್ಯಾಟು ಬೀಸಿದಾಗಲೇ ಚೆಂಡು ಎಡಬದಿಯ ಬೇಲಿ ದಾಟಿತು. 715! ಆರನ್ ಓಡುತ್ತಿದ್ದಂತೆ ಹದಿನೇಳು ವರ್ಷದ ಇಬ್ಬರು ಬಿಳಿಯ ಹುಡುಗರು ಮೈದಾನಕ್ಕೆ ನುಗ್ಗಿ ಅವರ ಪಕ್ಕದಲ್ಲೇ ಓಡತೊಡಗಿದರು. ಅಂಗರಕ್ಷಕನ ಬಳಿ ದುರ್ಬೀನಿನ ಪೆಟ್ಟಿಗೆಯೊಳಗೆ ಪಿಸ್ತೂಲು ಇತ್ತು. ಇವರು ಕೊಲ್ಲಲು ಬಂದವರೋ ಅಭಿನಂದಿಸಲು ಬಂದವರೋ ಎಂದು ತೀರ್ಮಾನಿಸಲು ಅವರಿಗಿದ್ದದ್ದು ಒಂದೆರಡು ಸೆಕೆಂಡು. ಅವರು ಪಿಸ್ತೂಲು ತೆಗೆಯಲಿಲ್ಲ. ಹುಡುಗರು ಬೆನ್ನು ತಟ್ಟಿ ಹೋದರು. ಕೊನೆಯ ಬೇಸಿನಲ್ಲಿ ತಾಯಿ ಎಸ್ಟೆಲಾ ಮಗನನ್ನು ಬಿಗಿಯಾಗಿ ಅಪ್ಪಿಕೊಂಡರು. ಅದು ಸಂತೋಷವೋ, ಎಲ್ಲಿಂದಲೋ ಗುಂಡು ಬಂದೀತೆಂಬ ಭಯವೋ, ಎರಡೂ ಇದ್ದೀತು. ಬೇಸ್‌ಬಾಲಿನ ಆಯುಕ್ತ ಬೌವೀ ಕೂನ್ ಅಂದು ಅಲ್ಲಿರಲಿಲ್ಲ, ಬೇರೆ ಊರಿನ ಕಾರ್ಯಕ್ರಮಕ್ಕೆ ಹೋಗಿದ್ದರು. ಆರನ್ ಇದನ್ನು ಬಹುಕಾಲ ಮರೆಯಲಿಲ್ಲ. ಅಂದು ಮೈಕಿನ ಮುಂದೆ ಅವರು ಹೇಳಿದ್ದು ಇಷ್ಟೇ: ದೇವರ ದಯೆ, ಇದು ಮುಗಿಯಿತು.

ರೂತ್ ಪರವಾಗಿ ವಾದಿಸಿದವರೆಲ್ಲ ವರ್ಣದ್ವೇಷಿಗಳೆಂದು ನಾವು ಹೇಳುವುದಿಲ್ಲ. ಆರನ್ ಅವರಿಗೆ ರೂತ್‌ಗಿಂತ ಸಾವಿರಾರು ಹೆಚ್ಚು ಸರದಿಗಳು ಸಿಕ್ಕಿದ್ದವು ಎಂಬ ಮಾತು ಲೆಕ್ಕಕ್ಕೆ ಸರಿ. ಆದರೆ ಲೆಕ್ಕ ಹಾಕುವುದಾದರೆ ಪೂರ್ತಿ ಹಾಕಬೇಕು. ರೂತ್ ತಮ್ಮ 714 ಹೋಮ್ ರನ್‌ಗಳಲ್ಲಿ ಒಂದನ್ನೂ ಕರಿಯ ಬೌಲರ್ ಎದುರು ಹೊಡೆದಿರಲಿಲ್ಲ. ಹೊಡೆಯಲು ಅವಕಾಶವೇ ಇರಲಿಲ್ಲ. ಆ ಕಾಲದ ಅತ್ಯುತ್ತಮ ಎಸೆತಗಾರರಲ್ಲಿ ಒಬ್ಬರಾದ ಸ್ಯಾಚೆಲ್ ಪೇಜ್ ಬೇಲಿಯ ಇನ್ನೊಂದು ಪಕ್ಕದಲ್ಲಿದ್ದರು.

ಆರನ್ 1976ರಲ್ಲಿ 755ಕ್ಕೆ ಆಟ ನಿಲ್ಲಿಸಿದರು. 2007ರಲ್ಲಿ ಬ್ಯಾರಿ ಬಾಂಡ್ಸ್ ಅದನ್ನು ದಾಟಿ 762ರಲ್ಲಿ ನಿಂತರು. ಉದ್ದೀಪನ ಮದ್ದಿನ ಆರೋಪ ಹೊತ್ತ ಆ ದಾಖಲೆಯನ್ನು ಬಹಳ ಮಂದಿ ಇಂದಿಗೂ ಮನಸಾರೆ ಒಪ್ಪಿಲ್ಲ. ಒಂದು ಕಾಲದಲ್ಲಿ ಆರನ್ ದಾಖಲೆಯನ್ನು ಒಪ್ಪದ ದೇಶದಲ್ಲೇ ಆರನ್ ನಿಜವಾದ ದಾಖಲೆಗಾರರಾದದ್ದು ಹೀಗೆ. ಬಂದ ದ್ವೇಷದ ಪತ್ರಗಳನ್ನು ಅವರು ಎಸೆಯಲಿಲ್ಲ, 2021ರ ಜನವರಿ 22ರಂದು ನಿಧನರಾದ ಅವರು ದಶಕಗಳ ಕಾಲ ಅವನ್ನು ಮನೆಯಲ್ಲಿ ಕಾದಿರಿಸಿದ್ದರು.

ಮಿಲ್ವಾಕೀ ಎಂದೊಡನೆ ಇನ್ನೊಂದು ಹೆಸರನ್ನು ಹೇಳದಿರಲಾಗದು. ಜಾಕಿ ರಾಬಿನ್ಸನ್ ಕಣಕ್ಕಿಳಿದ ಮರುದಿನ, 1947ರ ಏಪ್ರಿಲ್ 16ರಂದು, ನ್ಯೂಯಾರ್ಕಿನಲ್ಲಿ ಲ್ಯೂ ಆಲ್ಸಿಂಡರ್ ಎಂಬ ಮಗು ಹುಟ್ಟಿತು. ವಿದ್ಯಾರ್ಥಿಯಾಗಿದ್ದಾಗ ಮಾಲ್ಕಮ್ ಎಕ್ಸ್ ಅವರ ಆತ್ಮಕಥೆ ಓದಿ, 1968ರಲ್ಲಿ ಇಸ್ಲಾಮ್ ಸ್ವೀಕರಿಸಿ, 1971ರಲ್ಲಿ ಮಿಲ್ವಾಕೀ ಬಕ್ಸ್ ತಂಡಕ್ಕೆ ಬಾಸ್ಕೆಟ್‌ಬಾಲ್ ಚಾಂಪಿಯನ್ ಪಟ್ಟ ಗೆದ್ದುಕೊಟ್ಟ ಬಳಿಕ ಕರೀಮ್ ಅಬ್ದುಲ್ ಜಬ್ಬಾರ್ ಎಂಬ ಹೆಸರನ್ನು ಬಹಿರಂಗವಾಗಿ ಇಟ್ಟುಕೊಂಡವರು ಅವರೇ. ಮಹಮ್ಮದ್ ಅಲಿಯವರಂತೆ ಅವರೂ ಹೊಸ ಹೆಸರಿಗಾಗಿ ಟೀಕೆ ಕೇಳಬೇಕಾಯಿತು. 1984ರ ಏಪ್ರಿಲ್ 5ರಂದು ವಿಲ್ಟ್ ಚೇಂಬರ್ಲಿನ್ ಅವರ 31,419 ಅಂಕಗಳ ದಾಖಲೆಯನ್ನು ಅವರು ಮುರಿದರು. 1989ರಲ್ಲಿ ನಿವೃತ್ತರಾದಾಗ ಅಂಕಗಳು 38,387. ಆ ದಾಖಲೆ 2023ರ ಫೆಬ್ರವರಿ 7ರವರೆಗೆ ಬಾಳಿತು. ಅಂದು ಲೆಬ್ರಾನ್ ಜೇಮ್ಸ್ ಅದನ್ನು ದಾಟಿದಾಗ 75 ವರ್ಷದ ಕರೀಮ್ ಅಂಗಳಕ್ಕೆ ಬಂದು ಚೆಂಡನ್ನು ಅವರ ಕೈಗಿತ್ತರು.

ದಾಖಲೆ ಪುಸ್ತಕ ಬದಲಾಗುವುದು ಮೈದಾನದಲ್ಲಿ ಮಾತ್ರವಲ್ಲ. 2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳನ್ನೂ ಮೇಜರ್ ಲೀಗ್‌ಗಳೆಂದು ಪರಿಗಣಿಸುವುದಾಗಿ ಘೋಷಿಸಿತು. 2024ರ ಮೇ ತಿಂಗಳಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಗಳು ಅಧಿಕೃತ ಪಟ್ಟಿಗೆ ಸೇರಿದವು. ಹಳೆಯ ಕರಿಯರ ಪತ್ರಿಕೆಗಳ ಪುಟಗಳನ್ನು ತಿರುವಿ, ಸಿಕ್ಕ ಸಿಕ್ಕ ಸ್ಕೋರು ಪಟ್ಟಿಗಳನ್ನು ವರ್ಷಗಟ್ಟಲೆ ಕೂಡಿಸಿದ ಸಂಶೋಧಕರ ದುಡಿಮೆಯ ಫಲ ಅದು. ಪರಿಣಾಮವಾಗಿ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ .367ರ ಟೈ ಕಾಬ್ ಎರಡನೆಯ ಸ್ಥಾನಕ್ಕೆ ಇಳಿದರು. ಮೊದಲ ಸ್ಥಾನಕ್ಕೆ ಬಂದವರು .372ರ ಜಾಶ್ ಗಿಬ್ಸನ್. ಗಿಬ್ಸನ್ 1947ರ ಜನವರಿಯಲ್ಲಿ, 35ರ ಹರೆಯದಲ್ಲಿ, ರಾಬಿನ್ಸನ್ ಕಣಕ್ಕಿಳಿಯಲು ಮೂರೇ ತಿಂಗಳಿದ್ದಾಗ ತೀರಿಕೊಂಡಿದ್ದರು. ಅವರ ಸಮಾಧಿಯ ಮೇಲೆ 1975ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ.

ಅರುವತ್ತು ಚಿಲ್ಲರೆ ಪಂದ್ಯಗಳ ಋತುವನ್ನು ನೂರೈವತ್ತು ಪಂದ್ಯಗಳ ಋತುವಿಗೆ ಹೋಲಿಸುವುದು ನ್ಯಾಯವೇ ಎಂದು ಆಕ್ಷೇಪಿಸಿದವರಿದ್ದಾರೆ. ಪ್ರಶ್ನೆ ತಪ್ಪಲ್ಲ. ಆದರೆ ಋತು ಚಿಕ್ಕದಾಗಿದ್ದದ್ದು ಗಿಬ್ಸನ್ ಅವರ ಆಯ್ಕೆಯಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಹೊಟ್ಟೆಪಾಡಿಗಾಗಿ ಊರೂರು ಅಲೆದು ಅವರು ಆಡಿದ ನೂರಾರು ಪಂದ್ಯಗಳು ಈ ಲೆಕ್ಕಕ್ಕೆ ಬಂದೇ ಇಲ್ಲ. ವಿಲ್ಲಿ ಮೇಸ್ ಅವರಿಗೆ ಈ ಪರಿಷ್ಕರಣೆಯಿಂದ 1948ರ ಹತ್ತು ಹಿಟ್‌ಗಳು ಹೆಚ್ಚಾಗಿ ಸೇರಿದವು. ಅದಾದ ಕೆಲವೇ ವಾರಗಳಲ್ಲಿ, ಜೂನ್ 18ರಂದು, ಅವರು ನಿಧನರಾದರು.

ಆರನ್ ಅವರ ಲೆಕ್ಕಕ್ಕೆ ಏನೂ ಸೇರಲಿಲ್ಲ. ಗಡಿ ಹಾಕಿದ್ದು 1948ಕ್ಕೆ, ಅವರು ಕ್ಲೌನ್ಸ್ ಪರ ಆಡಿದ್ದು 1952ರಲ್ಲಿ. ತಟ್ಟೆ ಒಡೆದ ಆ ವರ್ಷದ ಹೊಡೆತಗಳು ಪುಸ್ತಕದ ಹೊರಗೇ ಇವೆ. ಅವರ ಹೆಸರಿನ ಮುಂದೆ ಇಂದಿಗೂ 755 ಎಂದೇ ಇದೆ.